ಬಾಹ್ಯಾಕಾಶ ಸಮ್ಮೇಳನಕ್ಕೆ ಹೊರಟಿದ್ದೀರಾ?

ಬಾಹ್ಯಾಕಾಶ ಕ್ಷೇತ್ರದ ವಿದ್ಯಾರ್ಥಿ ಸಮ್ಮೇಳನಕ್ಕೆ ಹೆಸರು ಕೊಟ್ಟಿದ್ದೀರಾ? ಒಳ್ಳೆಯದು. ರಾಕೆಟ್ ಮಾದರಿಯ ಮುಂದೆ ಸೆಲ್ಫಿ ತೆಗೆದುಕೊಳ್ಳಿ, ಬೇಡ ಎನ್ನುವವರಾರು! ಆದರೆ ಅಷ್ಟಕ್ಕೇ ಮುಗಿಸಿ ಬರಬೇಡಿ.

ಹತ್ತು ಯೋಜನೆಗಳ ಹೆಸರು ಬಾಯಿಪಾಠ ಮಾಡುವುದಕ್ಕಿಂತ ಒಂದನ್ನು ಚೆನ್ನಾಗಿ ಓದಿಕೊಂಡು ಹೋಗುವುದು ಮೇಲು. ಉದಾಹರಣೆಗೆ, 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಚಂದ್ರನ ನೆಲಕ್ಕೆ ಅಪ್ಪಳಿಸಿತಲ್ಲ, ಮುಂದಿನದಕ್ಕೆ ಕಾಲುಗಳನ್ನು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು. ಇಳಿಯುವ ಜಾಗವನ್ನು ಅರ್ಧ ಕಿ.ಮೀ. ಚೌಕದಿಂದ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಸಲೀಸಾಗಿ ಇಳಿಯಿತು. ಆದ್ದರಿಂದ ವಿಜ್ಞಾನಿಗಳು ಎದುರು ಸಿಕ್ಕಾಗ ‘ಎಷ್ಟು ಖರ್ಚಾಯಿತು ಸರ್?’ ಎನ್ನುವ ಬದಲು, ‘ಎಲ್ಲಿ ಕೈಕೊಟ್ಟಿತು, ಹೇಗೆ ಸರಿಪಡಿಸಿದಿರಿ?’ ಎಂದು ಕೇಳಿ. ಇಂಗ್ಲಿಷ್ ಬರುವುದಿಲ್ಲವೆಂಬ ಅಳುಕು ಬೇಡ, ಕನ್ನಡದಲ್ಲೇ ಕೇಳಿ. ಬಾಹ್ಯಾಕಾಶಕ್ಕೂ ಕನ್ನಡ ನಾಡಿಗೂ ನಂಟು ಹಳೆಯದು: ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಅದನ್ನು ಕಟ್ಟಿದ ತಂಡದ ಮುಂದಾಳು ಯು.ಆರ್. ರಾವ್ ಉಡುಪಿ ಜಿಲ್ಲೆಯ ಅದಮಾರಿನವರು.

ಎಲ್ಲರೂ ರಾಕೆಟ್ ಎಂಜಿನಿಯರೇ ಆಗಬೇಕಿಲ್ಲ. 2020ರ ಸುಧಾರಣೆಗಳಿಂದ ಈ ಕ್ಷೇತ್ರದಲ್ಲಿ ಖಾಸಗಿಯವರಿಗೂ ಬಾಗಿಲು ತೆರೆದಿದೆ. ಉಪಗ್ರಹ ಚಿತ್ರದಿಂದ ಬೆಳೆ ಅಂದಾಜು ಮಾಡುವವರು, ಸಾಫ್ಟ್‌ವೇರ್ ಬರೆಯುವವರು, ನಾಜೂಕಾಗಿ ವೆಲ್ಡಿಂಗ್ ಮಾಡಬಲ್ಲ ಐಟಿಐನವರು, ಕಾನೂನು ಓದಿದವರು ಎಲ್ಲರೂ ಬೇಕು. ಚಹಾ ವಿರಾಮದಲ್ಲಿ ನಿಮ್ಮ ಗೆಳೆಯರ ಗುಂಪಿನಲ್ಲೇ ನಿಲ್ಲದೆ ಇಂಥವರನ್ನು ಮಾತನಾಡಿಸಿ.

ಊರಿಗೆ ಮರಳಿದ ಮೇಲೆ ವಾರದೊಳಗೆ, ಕೇಳಿದ್ದನ್ನು ತರಗತಿಯವರಿಗೆ ವಿವರಿಸಿ. ಎಲ್ಲಿ ತಡವರಿಸುತ್ತೀರೋ ಅಲ್ಲಿಂದಲೇ ಮುಂದಿನ ಓದು ಶುರು ಮಾಡಿ.