ಮಿಲಿಸೆಕೆಂಡಿನ ಕಾಂತಕ್ಷೇತ್ರದಲ್ಲಿ ಎನ್‌ಎಂಆರ್: ಗೆಲುವಿನ ಸೂತ್ರಗಳು

ಸ್ಥಿರ ಕಾಂತಕ್ಷೇತ್ರದಲ್ಲಿ ಎನ್‌ಎಂಆರ್ (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್) ಸಿಗ್ನಲ್ ಸಣ್ಣದಿದ್ದರೆ ಸಾವಿರ ಸಲ ಅಳೆದು ಕೂಡಿಸಬಹುದು. ಆ ಸವಲತ್ತು ಸುಮಾರು 45 ಟೆಸ್ಲಾಕ್ಕೆ ಮುಗಿಯಿತು. ಅದರಾಚೆಗೆ ಡ್ರೆಸ್ಡೆನ್, ಟುಲೂಸ್, ಲಾಸ್ ಅಲಮೋಸ್‌ಗಳಲ್ಲಿರುವಂಥ ಪಲ್ಸ್ ಮ್ಯಾಗ್ನೆಟ್ಟೇ ಗತಿ. ಕೆಪಾಸಿಟರ್‌ಗಳಲ್ಲಿ ತುಂಬಿಟ್ಟ ವಿದ್ಯುತ್ತು ಸುರುಳಿಗೆ ನುಗ್ಗುತ್ತದೆ, ಹತ್ತಾರು ಮಿಲಿಸೆಕೆಂಡುಗಳಲ್ಲೇ ಆಟ ಮುಗಿಯುತ್ತದೆ. ಇಂಥ ಒಂದೊಂದು ಪಲ್ಸೂ ಒಂದು ‘ಶಾಟ್’. ಈ ಹಾದಿ ಹಿಡಿಯುವವರು ಗಮನಿಸಬೇಕಾದದ್ದು:

1. ನ್ಯೂಕ್ಲಿಯಸ್ ಆರಿಸುವಾಗ ದುರಾಸೆ ಬೇಡ. ಪ್ರೋಟಾನಿನ ಸಿಗ್ನಲ್ ಜೋರು, ನಿಜ. ಆದರೆ 60 ಟೆಸ್ಲಾದಲ್ಲಿ ಅದರ ಆವರ್ತಾಂಕ 2.5 ಗಿಗಾಹರ್ಟ್ಸ್ ದಾಟುತ್ತದೆ; ಅಲ್ಲಿ ರೇಡಿಯೊ ಉಪಕರಣ ಹೊಂದಿಸುವುದು ಕಷ್ಟ. ತಾಮ್ರ-63 ಸುಮಾರು 680 ಮೆಗಾಹರ್ಟ್ಸ್‌ಗೇ ನಿಲ್ಲುತ್ತದೆ.

2. ಮೊದಲು ಟಿ1 ತಿಳಿದುಕೊಳ್ಳಿ. ಕ್ಷೇತ್ರ ಏರಿದ ಕ್ಷಣವೇ ನ್ಯೂಕ್ಲಿಯಸ್‌ಗಳು ಸಾಲುಗಟ್ಟುವುದಿಲ್ಲ. ಅದಕ್ಕೆ ಬೇಕಾದ ಕಾಲವೇ ಟಿ1. ತಾಮ್ರದ ಲೋಹದಲ್ಲಿ ಅದು ಕೋಣೆಯ ಉಷ್ಣತೆಯಲ್ಲಿ ಸುಮಾರು 4 ಮಿಲಿಸೆಕೆಂಡು, 4 ಕೆಲ್ವಿನ್‌ನಲ್ಲಿ 300ರ ಹತ್ತಿರ. ಅಷ್ಟು ಹೊತ್ತು ಕ್ಷೇತ್ರವೇ ಇರುವುದಿಲ್ಲ! ಸ್ಯಾಂಪಲ್ ತಣಿಸಿದಷ್ಟೂ ಸಿಗ್ನಲ್ ಹೆಚ್ಚುತ್ತದೆಂಬ ಹಳೆಯ ಲೆಕ್ಕವನ್ನು ಇಲ್ಲಿ ನಂಬಬೇಡಿ.

3. ಶಿಖರದ ಲೆಕ್ಕ ಕಾಗದದ ಮೇಲೆ ಮಾಡಿ. 20 ಮಿಲಿಸೆಕೆಂಡಿನ, ಅರ್ಧ ಸೈನ್ ಆಕಾರದ 60 ಟೆಸ್ಲಾ ಪಲ್ಸ್ ತೆಗೆದುಕೊಳ್ಳಿ. ಶಿಖರದಿಂದ 100 ಮೈಕ್ರೊಸೆಕೆಂಡು ಆಚೆ ಸರಿದರೆ ಕ್ಷೇತ್ರ 7 ಮಿಲಿಟೆಸ್ಲಾದಷ್ಟು ಕುಸಿದಿರುತ್ತದೆ. ತಾಮ್ರದ ಆವರ್ತಾಂಕ 80 ಕಿಲೋಹರ್ಟ್ಸ್‌ಗೂ ಮಿಕ್ಕಿ ಜಾರುತ್ತದೆ. 10 ಮೈಕ್ರೊಸೆಕೆಂಡಿನೊಳಗಾದರೆ ಜಾರುವುದು ಒಂದು ಕಿಲೋಹರ್ಟ್ಸ್‌ಗಿಂತ ಕಡಿಮೆ. ಆದ್ದರಿಂದ ಒಂದೇ ದೊಡ್ಡ ರೇಡಿಯೊ ಪಲ್ಸ್ ಹೊಡೆದು ಕೂರಬೇಡಿ. ಶಿಖರದ ಎರಡೂ ಬದಿಗೆ ಚಿಕ್ಕ ಚಿಕ್ಕ ಪಲ್ಸ್‌ಗಳ ಸಾಲು ಬಿಡಿ. ಕ್ಷೇತ್ರ ಹೇಗೆ ಬದಲಾಯಿತೆಂದು ಗೊತ್ತಿದ್ದರೆ, ಜಾರಿದ ಸಿಗ್ನಲ್ಲನ್ನು ಆಮೇಲೆ ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಬಹುದು.

4. ಕ್ಷೇತ್ರದ ಅಳತೆಗೋಲು ಅದೇ ಶಾಟ್‌ನಲ್ಲಿರಲಿ. ಸುರುಳಿಯ ಉಷ್ಣತೆ ತುಸು ಬದಲಾದರೂ ಶಿಖರ ಬದಲಾಗುತ್ತದೆ. ನಿನ್ನೆಯ ಶಾಟ್‌ನ ಮೌಲ್ಯ ಇವತ್ತಿಗೆ ಸಲ್ಲದು. ಸ್ಯಾಂಪಲ್ ಪಕ್ಕದಲ್ಲೇ ಅಲ್ಯೂಮಿನಿಯಂ ಪುಡಿಯಂಥ ಪರಿಚಿತ ವಸ್ತು ಇಡಿ; ಅದರ ಸಿಗ್ನಲ್ಲೇ ಕ್ಷೇತ್ರವೆಷ್ಟೆಂದು ಹೇಳುತ್ತದೆ.

5. ಲೋಹವನ್ನು ಪುಡಿಮಾಡಿ. 680 ಮೆಗಾಹರ್ಟ್ಸ್‌ನಲ್ಲಿ ರೇಡಿಯೊ ಅಲೆ ಬೆಚ್ಚನೆಯ ತಾಮ್ರದೊಳಗೆ ಇಳಿಯುವುದೇ ಎರಡೂವರೆ ಮೈಕ್ರೊಮೀಟರು.

6. ಪೂರ್ತಿ ವೋಲ್ಟೇಜಿಗೆ ಮುಂಚೆ ತಾಲೀಮು. ಪ್ರೋಬನ್ನು (ಸ್ಯಾಂಪಲ್ ಮತ್ತು ರೇಡಿಯೊ ಸುರುಳಿ ಇರುವ ಭಾಗವನ್ನು) ಸ್ಥಿರ ಮ್ಯಾಗ್ನೆಟ್‌ನಲ್ಲಿ ಪರೀಕ್ಷಿಸಿ, ಆಮೇಲೆ ಸಣ್ಣ ಶಾಟ್. 60 ಟೆಸ್ಲಾದಲ್ಲಿ ಮ್ಯಾಗ್ನೆಟ್ ಸುರುಳಿಯ ಮೇಲೆ ಬೀಳುವ ಒತ್ತಡ ಸುಮಾರು 14,000 ವಾತಾವರಣದಷ್ಟು. ದೊಡ್ಡ ಶಾಟ್ ಆದಮೇಲೆ ದ್ರವ ಸಾರಜನಕದಲ್ಲಿ ಆ ಸುರುಳಿ ಮತ್ತೆ ತಣಿಯಲು ಗಂಟೆಗಟ್ಟಲೆ ಬೇಕು. ದಿನಕ್ಕೆ ಸಿಗುವ ಶಾಟ್‌ಗಳು ಬೆರಳೆಣಿಕೆಯವು; ಸಡಿಲ ಕನೆಕ್ಟರಿಗಾಗಿ ಒಂದನ್ನು ಕಳೆದುಕೊಳ್ಳುವುದು ಅಕ್ಷಮ್ಯ.

7. ಇಷ್ಟೆಲ್ಲ ಪಾಡಿಗೆ ತಕ್ಕ ಪ್ರಶ್ನೆ ಹಿಡಿಯಿರಿ. ಸ್ಥಿರ ಕ್ಷೇತ್ರದಲ್ಲೇ ಉತ್ತರ ಸಿಗುವಂತಿದ್ದರೆ ಇತ್ತ ಬರಲೇಬೇಡಿ. ಲಿಥಿಯಂ-ತಾಮ್ರ-ವನೇಡಿಯಂ ಆಕ್ಸೈಡಿನ ಉದಾಹರಣೆ ನೋಡಿ. ಅದರಲ್ಲಿ ಸ್ಪಿನ್-ನೆಮ್ಯಾಟಿಕ್ ಎಂಬ ವಿಚಿತ್ರ ಸ್ಥಿತಿ ಇರಬಹುದೆಂದು ಸಿದ್ಧಾಂತ ಹೇಳಿತ್ತು. ಆ ಸ್ಥಿತಿಯ ಮೊದಲ ಸೂಕ್ಷ್ಮಮಟ್ಟದ ಕುರುಹು 2017ರಲ್ಲಿ ಪ್ರಕಟವಾಯಿತು, 56 ಟೆಸ್ಲಾವರೆಗಿನ ಪಲ್ಸ್ ಕ್ಷೇತ್ರದಲ್ಲಿ ಮಾಡಿದ ವನೇಡಿಯಂ ಎನ್‌ಎಂಆರ್‌ನಿಂದ.