ಕ್ಯಾಲ್ಸಿಯಂ ಬರೆದುಕೊಟ್ಟ ದಿನ

ಹರಿಹರದಿಂದ ಬೆಳಗಿನ ಬಸ್ಸಿಗೆ ದಾವಣಗೆರೆಗೆ ಬಂದಿದ್ದ ಆ ತಾಯಿಯ ಕಂಕುಳಲ್ಲಿ ಎರಡು ವರ್ಷದ ಮಗ. ತಲೆ ದೊಡ್ಡದು, ಹಣೆ ಉಬ್ಬು, ತೋಳು ತೊಡೆ ಗಿಡ್ಡ. ನಾನಾಗ ಮಕ್ಕಳ ವಿಭಾಗಕ್ಕೆ ಹೊಸಬ. ಕ್ಯಾಲ್ಸಿಯಂ ಸಿರಪ್ ಬರೆದು, ಹಾಲು, ರಾಗಿ ಅಂಬಲಿ ಕೊಡಿ ಎಂದೆ. ಏಳುವಾಗ ಆಕೆ ಕೇಳಿದರು: “ಬಸುರಿದ್ದಾಗ ಗ್ರಾಣದಾಗೆ ಹೊರಗೆ ಹೋಗಿದ್ದಕ್ಕೇ ಹಿಂಗಾತು ಅಂತಾರ್ರೀ ನಮ್ಮತ್ತೆ. ಹೌದೇನ್ರೀ ಡಾಕ್ಟ್ರೇ?”

ಸುಳ್ಳು ಎಂದೆ. ನಿಜ ಯಾವುದೆಂದು ಹೇಳಲು ನನಗೂ ಬರಲಿಲ್ಲ.

ಎಕ್ಸ್‌ರೇ ನೋಡಿದ ಹಿರಿಯ ವೈದ್ಯರು ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಮೂಳೆಯ ತುದಿಯಲ್ಲಿರುವ, ಬೆಳೆಯುವ ಮೃದ್ವಸ್ಥಿಯ ಸ್ಲೈಡು. ಮೇಲೆ ದುಂಡನೆಯ ಕೋಶಗಳು, ಕೆಳಗೆ ನಾಣ್ಯ ಪೇರಿಸಿಟ್ಟ ಹಾಗೆ ಚಪ್ಪಟೆ ಕೋಶಗಳ ಸಾಲು, ಇನ್ನೂ ಕೆಳಗೆ ಊದಿಕೊಂಡವು, ಆಮೇಲೆ ಮೂಳೆ. ಇಷ್ಟೂ ಕೋಶಗಳಲ್ಲಿ ಇರುವ ಜೀನುಗಳು ಅವೇ. ಯಾವುದು ಯಾವಾಗ ಎಚ್ಚರಾಗಬೇಕು ಎಂಬುದಷ್ಟೇ ಬೇರೆ. ಎಳೆಯ ಕೋಶದಲ್ಲಿ ಸಾಕ್ಸ್9 ಎಂಬ ಪ್ರೋಟೀನು ಎರಡನೇ ಬಗೆಯ ಕೊಲಾಜೆನ್ ಜೀನನ್ನು ದುಡಿಸುತ್ತದೆ. ಬಲಿಯುವಾಗ ರಂಕ್ಸ್2 ಮುಂದೆ ಬಂದು ಹತ್ತನೇ ಬಗೆಯ ಕೊಲಾಜೆನ್ ಮಾಡಿಸುತ್ತದೆ. ಕೋಶ ಊದುತ್ತದೆ, ಸುತ್ತ ಕ್ಯಾಲ್ಸಿಯಂ ಕೂರುತ್ತದೆ, ರಕ್ತನಾಳ ಒಳಹೊಗುತ್ತದೆ. ಮೂಳೆ ಉದ್ದವಾಗುವುದರಲ್ಲಿ ಈ ಊದುವಿಕೆಯದೇ ದೊಡ್ಡ ಪಾಲು ಎಂದು ತಿಳಿದಾಗ ನಾನು ಸ್ಲೈಡನ್ನು ಬಹಳ ಹೊತ್ತು ಬಿಡಲಿಲ್ಲ. ಕೋಶಗಳು ಹೊತ್ತಿಗೆ ಮುಂಚೆ ಬಲಿಯದಂತೆ ಪಿಟಿಎಚ್‌ಆರ್‌ಪಿ ಎಂಬ ಸಂಕೇತ ತಡೆದು ನಿಲ್ಲಿಸುತ್ತದೆ.

ಆ ಮಗುವಿಗೆ ಇದ್ದದ್ದು ಅಕಾಂಡ್ರೋಪ್ಲೇಸಿಯಾ. ಎಫ್‌ಜಿಎಫ್‌ಆರ್3 ಜೀನಿನಲ್ಲಿ ಒಂದೇ ಅಕ್ಷರ ಬದಲಾಗಿ, ಬೆಳವಣಿಗೆಯ ಮೇಲಿನ ಬ್ರೇಕು ಬಿಗಿಯಾಗಿಯೇ ಉಳಿಯುತ್ತದೆ. ಈ ಬದಲಾವಣೆ ಪತ್ತೆಯಾದದ್ದು 1994ರಲ್ಲಿ. ಇಂಥ ಮಕ್ಕಳಲ್ಲಿ ನೂರಕ್ಕೆ ಸುಮಾರು 80 ಮಂದಿಯ ತಂದೆತಾಯಿ ಸಾಮಾನ್ಯ ಎತ್ತರದವರೇ. ಬದಲಾವಣೆ ಹೊಸದಾಗಿ ಆದದ್ದು. ಗ್ರಹಣಕ್ಕೂ ಅಂಬಲಿಗೂ ಅದರಲ್ಲಿ ಪಾತ್ರವಿಲ್ಲ.

ತಪ್ಪು ಹೊರಿಸುವ ಆತುರ ನಮ್ಮಲ್ಲಿ ಹಳೆಯದು. ಪಕ್ಕದ ಶಿವಮೊಗ್ಗ ಜಿಲ್ಲೆಯ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಕೀಲು ಸವೆದು ಕುಂಟುವವರು ಬೆಳಕಿಗೆ ಬಂದಾಗ, ಗದ್ದೆಯ ಏಡಿ ತಿಂದದ್ದರ ಮೇಲೆ ಸಂಶಯ ಹೋಗಿತ್ತು. ಅದು ವಂಶದಲ್ಲಿ ಬರುವ ಮೂಳೆಯ ಕಾಯಿಲೆ ಎಂದು ಆಮೇಲೆ ತಿಳಿಯಿತು.

ಮೂರು ತಿಂಗಳಿಗೆ ಆ ತಾಯಿ ಮತ್ತೆ ಬಂದರು. ಸಿರಪ್ ನಿಲ್ಲಿಸಿದೆ. ಮುಂದಿನ ಸಲ ಅತ್ತೆಯನ್ನೂ ಕರೆಸಿ, ಚೀಟಿಯ ಹಿಂದೆ ಕೋಶಗಳ ಸಾಲು ಬರೆದು ತೋರಿಸಿದೆ. ಆ ಅಜ್ಜಿ ಚೀಟಿಯನ್ನು ಮಡಿಚಿ ಸೆರಗಿಗೆ ಕಟ್ಟಿಕೊಂಡರು.

ಬ್ರೇಕು ಸಡಿಲಿಸುವ ವೊಸೊರಿಟೈಡ್ ಚುಚ್ಚುಮದ್ದಿಗೆ 2021ರಲ್ಲಿ ಅಮೆರಿಕ, ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಇಂಥ ಮಗು ನಿಮ್ಮ ಮನೆಯಲ್ಲಿದ್ದರೆ ಮೊದಲು ತಲೆಯ ಸುತ್ತಳತೆ ತಪ್ಪದೆ ಅಳೆಸಿ. ನಿದ್ದೆಯಲ್ಲಿ ಗೊರಕೆ ಹೊಡೆದರೆ, ಉಸಿರು ನಿಂತು ನಿಂತು ಬಂದರೆ ತಡಮಾಡದೆ ತೋರಿಸಿ. ಈ ಮಕ್ಕಳಲ್ಲಿ ತಲೆಬುರುಡೆಯ ಬುಡದಲ್ಲಿ ಬೆನ್ನುಹುರಿ ಇಳಿಯುವ ದಾರಿ ಕಿರಿದಾಗಿರುತ್ತದೆ.