ಬೋಟಿನ ಜೊತೆಗೇ ಬರುವ ಹಳೆ ಬಾಕಿ

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಮಂಗಳೂರು, ಗಂಗೊಳ್ಳಿಯ ದಕ್ಕೆಗಳಲ್ಲಿ ಬೋಟುಗಳು ಸಾಲುಗಟ್ಟಿ ನಿಲ್ಲುವ ಈ ದಿನಗಳು ಹಳೆ ಬೋಟು ನೋಡಲು ಅನುಕೂಲ. ಕೊಳ್ಳುವವರು ಹಲಗೆ ತಟ್ಟಿ ನೋಡುತ್ತಾರೆ, ಇಂಜಿನ್ ಸ್ಟಾರ್ಟ್ ಮಾಡಿಸುತ್ತಾರೆ, ಬಲೆ-ವಿಂಚ್ ಸೇರಿ ಎಷ್ಟೆಂದು ಚೌಕಾಸಿ ಮಾಡುತ್ತಾರೆ. ಅದರಲ್ಲಿ ದುಡಿದ ತಾಂಡೇಲ, ಕಲಾಸಿಗಳಿಗೆ ಲೆಕ್ಕ ಪೂರ್ತಿ ಚುಕ್ತಾ ಆಗಿದೆಯೇ ಎಂದು ಕೇಳುವವರು ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಅದನ್ನೇ.

ಕಾರಣ, 2017ರ ಅಡ್ಮಿರಾಲ್ಟಿ ಕಾಯ್ದೆ. ಇದರ 9ನೇ ಕಲಂ ಪ್ರಕಾರ ಕೆಲವು ಬಾಕಿಗಳು ಮಾಲಕರ ಮೇಲೆ ಮಾತ್ರವಲ್ಲ, ಬೋಟಿನ ಮೇಲೆಯೇ ಕೂತಿರುತ್ತವೆ. ಸಿಬ್ಬಂದಿಯ ಸಂಬಳ, ಬೋಟು ನಡೆಸುವಾಗ ಆದ ಸಾವು-ಗಾಯಕ್ಕೆ ಪರಿಹಾರ, ಬಂದರು ಶುಲ್ಕ, ಡಿಕ್ಕಿ ಹೊಡೆದು ಇನ್ನೊಬ್ಬರ ಬೋಟಿಗೆ ಮಾಡಿದ ನಷ್ಟ ಇವುಗಳಲ್ಲಿ ಸೇರಿವೆ. ಮಾಲಕರು ಬದಲಾದರೂ, ನೋಂದಣಿ ಬದಲಾದರೂ ಈ ಹಕ್ಕು ಅಳಿಯದು. ಅವಧಿ ಸಾಮಾನ್ಯವಾಗಿ ಒಂದು ವರ್ಷ, ಸಂಬಳದ ಬಾಕಿಗಾದರೆ ಎರಡು ವರ್ಷ. ಅಷ್ಟರೊಳಗೆ ಬಾಕಿದಾರರು ಹೈಕೋರ್ಟಿಗೆ ಹೋದರೆ ಬೋಟನ್ನೇ ತಡೆಹಿಡಿಯುವ ಆದೇಶ ತರಬಹುದು. ಈ ಅಧಿಕಾರವಿರುವ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. ಆಗ ನೀವು ದುಡ್ಡು ಕೊಟ್ಟು ಕೊಂಡ ಬೋಟು ಹಳಬರ ಸಾಲಕ್ಕೆ ದಕ್ಕೆಯಲ್ಲಿ ಕಟ್ಟಿಬೀಳುತ್ತದೆ. ಡೀಸೆಲ್ ಬಂಕ್, ಐಸ್ ಪ್ಲಾಂಟುಗಳ ಬಾಕಿಗೆ ಇಷ್ಟು ಬಲವಿಲ್ಲ, ಅದು ಹಳೆ ಮಾಲಕರ ಹೊಣೆ. ಆದರೂ ದಕ್ಕೆಯಲ್ಲಿ ಬಂದು ಬೋಟು ತಡೆಯುವವರು ಕಾಯ್ದೆ ಓದಿಕೊಂಡು ಬರುವುದಿಲ್ಲವಾದ್ದರಿಂದ ಅದನ್ನೂ ವಿಚಾರಿಸಿಡುವುದು ಕ್ಷೇಮ. ತಾಂಡೇಲರಿಂದ ಮತ್ತು ಕಲಾಸಿಗಳಿಂದ ‘ಬಾಕಿ ಏನೂ ಇಲ್ಲ’ ಎಂಬ ಸಹಿ ಪಡೆಯಿರಿ. ಮಾರುವವರಿಗೆ ಇದರಿಂದ ಬೇಸರವಾದರೆ ಆಗಲಿ.

ಎರಡನೆಯದು, ಮಾರುವವರಿಗೆ ಮಾರುವ ಹಕ್ಕಿದೆಯೇ ಎಂಬುದು. ತನ್ನದಲ್ಲದ್ದನ್ನು ಮಾರಿದರೆ ಕೊಂಡವರಿಗೆ ಹಕ್ಕು ಬರುವುದಿಲ್ಲ ಎಂಬುದು 1930ರ ಸರಕು ಮಾರಾಟ ಕಾಯ್ದೆಯ ಮೂಲ ನಿಯಮ. ಟ್ರಾಲ್ ಬೋಟಾಗಲಿ ಪರ್ಸೀನ್ ಬೋಟಾಗಲಿ, ಹಲವರ ಪಾಲಿನಲ್ಲಿ ನಡೆಯುವುದುಂಟು. ಹಾಗಿದ್ದರೆ ಎಲ್ಲ ಪಾಲುದಾರರ ಸಹಿ ಬೇಕು, ತೀರಿಕೊಂಡವರಿದ್ದರೆ ಅವರ ವಾರಸುದಾರರದ್ದೂ ಬೇಕು. ಬ್ಯಾಂಕ್ ಅಥವಾ ಸಹಕಾರ ಸಂಘದಲ್ಲಿ ಬೋಟಿನ ಮೇಲೆ ಸಾಲವಿದ್ದರೆ ತೀರುವಳಿ ಪತ್ರವನ್ನು ನೀವೇ ಅಲ್ಲಿಗೆ ಹೋಗಿ ಕೇಳಿ. ಮಾರುವವರು ತೋರಿಸುವ ಜೆರಾಕ್ಸ್ ಸಾಲದು.

ಮಾರಿದವರ ಹೆಸರಲ್ಲೇ ನೋಂದಣಿ ಇಟ್ಟುಕೊಂಡು ವರ್ಷಗಟ್ಟಲೆ ಓಡಿಸುವ ರೂಢಿ ಇಬ್ಬರಿಗೂ ಅಪಾಯ. 2008ರಲ್ಲಿ ಮುಂಬೈ ದಾಳಿಗೆ ಬಂದ ಉಗ್ರರು ಬಳಸಿದ್ದು ಪೋರಬಂದರಿನ ‘ಕುಬೇರ್’ ಎಂಬ ಮೀನುಗಾರಿಕಾ ಬೋಟನ್ನು. ಅದರ ನಂತರ ದಾಖಲೆ ತಪಾಸಣೆ ಬಿಗಿಯಾಗಿದೆ. ಬೋಟಿನಿಂದ ಏನಾದರೂ ಆದರೆ ಪೊಲೀಸರು ಮೊದಲು ಹುಡುಕುವುದು ನೋಂದಣಿ ಪತ್ರದಲ್ಲಿರುವ ಹೆಸರನ್ನು. ಕೊಂಡವರಿಗೋ, ತೆರಿಗೆ ವಿನಾಯಿತಿಯ ಡೀಸೆಲ್ ತಮ್ಮ ಹೆಸರಿಗೆ ಸಿಗಬೇಕಾದರೂ ನೋಂದಣಿ, ಪರವಾನಗಿ ಬೇಕು. ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಮಾಲಕತ್ವ ವರ್ಗಾವಣೆಗೆ ಅರ್ಜಿ ಕೊಡಿ. 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ಪರವಾನಗಿ ಬೇರೆಯೇ ಕಾಗದ, ಅದನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ನೋಂದಣಿ ಪತ್ರದಲ್ಲಿರುವ ಇಂಜಿನ್ ನಂಬರನ್ನು ಇಂಜಿನ್ ಮೇಲೆ ಕೊರೆದಿರುವುದಕ್ಕೆ ಹೋಲಿಸಿ ನೋಡಿ. ಇಂಜಿನ್ ಬದಲಿಸಿ ಇಲಾಖೆಗೆ ತಿಳಿಸದೆ ಬಿಟ್ಟವರೂ ಇದ್ದಾರೆ. ಹಿನ್ನೀರಿನಲ್ಲೋ ನದಿಯಲ್ಲೋ ಪ್ರವಾಸಿಗರನ್ನು ಕರೆದೊಯ್ಯುವ ದೋಣಿಯಾದರೆ ದಾರಿಯೇ ಬೇರೆ, ಅಲ್ಲಿ 2021ರ ಒಳನಾಡು ಹಡಗುಗಳ ಕಾಯ್ದೆ ಅನ್ವಯ.

ವಿಮೆಯಲ್ಲಿ ಬಹಳ ಜನ ಎಡವುತ್ತಾರೆ. ಮಾಲು ಕೈಬದಲಾದ ಮಾತ್ರಕ್ಕೆ ವಿಮೆಯ ಹಕ್ಕು ಜೊತೆಗೆ ಬರುವುದಿಲ್ಲ ಎಂದು 1963ರ ಸಾಗರ ವಿಮಾ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಕರಾರಿನಲ್ಲಿ ವಿಮೆಯ ವಿಷಯ ಬರೆಸಿ, ಕಂಪನಿಯ ಲಿಖಿತ ಒಪ್ಪಿಗೆ ಕೈಗೆ ಬಂದ ಮೇಲೆ ಕಡಲಿಗಿಳಿಯಿರಿ.

ಹಳೆ ಮಾಲಿನ ಗುಣಮಟ್ಟ ಮಾತ್ರ ಬಹುಮಟ್ಟಿಗೆ ಕೊಂಡವರ ಹಣೆಬರಹ. ಕಣ್ಣಿಗೆ ಕಾಣುವ ದೋಷಕ್ಕೆ ಆಮೇಲೆ ತಕರಾರು ನಡೆಯದು. ಆದರೆ ಗೊತ್ತಿದ್ದೂ ಸುಳ್ಳು ಹೇಳಿ ನಂಬಿಸಿದ್ದರೆ ಅದು ಕರಾರು ಕಾಯ್ದೆಯ 17ನೇ ಕಲಮಿನ ವಂಚನೆ, ವ್ಯವಹಾರವನ್ನೇ ರದ್ದು ಮಾಡಬಹುದು. ಅದಕ್ಕೆಂದೇ ‘ಇಂಜಿನ್ ಹೋದ ವರ್ಷ ರಿಪೇರಿ ಆಗಿದೆ’ ಎಂಬಂಥ ಮಾತುಗಳನ್ನು ಬಾಯಿಮಾತಲ್ಲಿ ಬಿಡದೆ ಕರಾರಿನಲ್ಲಿ ಬರೆಸಬೇಕು. ಹಣ ಬ್ಯಾಂಕ್ ಮೂಲಕವೇ ಹೋಗಲಿ. ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆದರೆ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು, ನಿಮಗೂ ಪುರಾವೆ ಉಳಿಯದು. ಪೂರ್ತಿ ಹಣ ಕೊಡುವುದು ವರ್ಗಾವಣೆ ಆದ ಮೇಲೆ ಎಂದು ಷರತ್ತು ಹಾಕಿ. ‘ಪೇಪರ್ ಆಮೇಲೆ ನೋಡುವ’ ಎನ್ನುವ ಬ್ರೋಕರ್ ಇದಕ್ಕೆ ಒಪ್ಪುವುದು ಕಷ್ಟ.

ಮೋಸವಾದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಅಡಿ ಪೊಲೀಸ್ ದೂರು ಕೊಡಬಹುದು. ಹಣ ವಾಪಸಿಗೆ ಸಿವಿಲ್ ದಾವೆ, ಸಾಮಾನ್ಯವಾಗಿ ಮೂರು ವರ್ಷದೊಳಗೆ. ಒಬ್ಬ ಮೀನುಗಾರ ಇನ್ನೊಬ್ಬರಿಗೆ ಮಾರಿದ ಬೋಟಿನ ತಕರಾರಿಗೆ ಗ್ರಾಹಕರ ಆಯೋಗ ಸರಿಯಾದ ಜಾಗವಲ್ಲ. ಹೊಟ್ಟೆಪಾಡಿಗೆ ತಾವೇ ದುಡಿಯುವವರು, ರಿಪೇರಿ ಮಾಡಿಕೊಟ್ಟ ಯಾರ್ಡಿನ ಲೋಪದ ಬಗ್ಗೆಯಾದರೆ ಅಲ್ಲಿಗೆ ಎರಡು ವರ್ಷದೊಳಗೆ ಹೋಗಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.